ಐರ್ಲೆಂಡಿನ ಪಶ್ಚಿಮ ಕರಾವಳಿಗೆ ಸಣ್ಣ ಕೋಚ್ ಪ್ರವಾಸ: ಊರಿನಿಂದ ಬರುವ ಅಪ್ಪ, ಆಯಿಗೆ ಯಾವ ದಾರಿ ಹೊಂದೀತು?

ಡಬ್ಲಿನ್‌ವಾಸಿ, ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ವರ್ಷಗಳಿಂದ ಡಬ್ಲಿನ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ಜೂನ್ ಎರಡನೆಯ ವಾರ ಶಿರಸಿಯಿಂದ ಅಪ್ಪ ಮತ್ತು ಆಯಿ ಮೊದಲ ಬಾರಿಗೆ ಇಲ್ಲಿಗೆ ಬರುತ್ತಿದ್ದಾರೆ. ಅಪ್ಪನಿಗೆ 68 ವರ್ಷ, ಮಂಡಿನೋವು ಇದೆ. ಆಯಿಗೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವಷ್ಟರಲ್ಲೇ ತಲೆ ಸುತ್ತಿ ವಾಂತಿ ಬರುತ್ತದೆ. ನನಗೆ ಆರು ದಿನ ರಜೆ ಸಿಗುತ್ತದೆ. ಐವತ್ತು ಜನರ ದೊಡ್ಡ ಬಸ್ಸಿನಲ್ಲಿ ಅವರನ್ನು ಕೂರಿಸಲು ಮನಸ್ಸಿಲ್ಲ. ಹದಿನಾಲ್ಕರಿಂದ ಹದಿನಾರು ಜನರನ್ನು ಮಾತ್ರ ಒಯ್ಯುವ ಸಣ್ಣ ಕೋಚ್‌ಗಳ ಪ್ರವಾಸ ಒಳ್ಳೆಯದೆಂದು ಕೇಳಿದ್ದೇನೆ, ಆದರೆ ಅದಕ್ಕೆ ಹಣ ಹೆಚ್ಚು. ಮೊಹರ್ ಕಡಿದಾದ ಬಂಡೆಗಳು, ನೈಋತ್ಯದಲ್ಲಿ ಕೆರಿ ಸುತ್ತು ಎಂಬ ದಾರಿ, ಉತ್ತರದಲ್ಲಿ ಜಯಂಟ್ಸ್ ಕಾಸ್‌ವೇ ಎಂಬ ಕಲ್ಲುಕಂಬಗಳ ಕರಾವಳಿ ಈ ಮೂರನ್ನೂ ತೋರಿಸಬೇಕೆಂಬ ಆಸೆಯಿದೆ. ಹೆಚ್ಚಿನ ಹಣಕ್ಕೆ ತಕ್ಕ ಪ್ರಯೋಜನ ನಿಜವಾಗಿಯೂ ಸಿಗುತ್ತದೆಯೇ, ಸೀಟು ಕಾಯ್ದಿರಿಸುವ ಮುನ್ನ ಏನೇನು ಕೇಳಿ ತಿಳಿದುಕೊಳ್ಳಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಲೀ ತೀರದ ಅಕ್ಕ, ಏಪ್ರಿಲ್ 6

ನಾನು ಹನ್ನೊಂದು ವರ್ಷಗಳಿಂದ ಕಾರ್ಕ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಊರಿನಿಂದ ಬಂದ ಹಿರಿಯರನ್ನು ಮೂರು ಬಾರಿ ಇಂಥ ಸಣ್ಣ ಕೋಚ್‌ಗಳಲ್ಲಿ ಕರೆದೊಯ್ದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, ಮೂರು ಮೂಲೆಗಳನ್ನು ಆರು ದಿನಗಳಲ್ಲಿ ತುರುಕಬೇಡಿ. ಇಡೀ ಐರ್ಲೆಂಡ್ ದ್ವೀಪ ಕರ್ನಾಟಕದ ಅರ್ಧದಷ್ಟೂ ಇಲ್ಲವೆಂಬುದು ನಿಜ. ಆದರೆ ಇಲ್ಲಿನ ಪಶ್ಚಿಮ ಕರಾವಳಿಯನ್ನು ಕಡಲು ಬೆರಳು ಬೆರಳಾಗಿ ಕೊರೆದಿದೆ. ನಮ್ಮ ಕಾರವಾರದಿಂದ ತಲಪಾಡಿಯವರೆಗಿನ ಕರಾವಳಿ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇಲ್ಲಿ ಡೊನೆಗಾಲ್‌ನಿಂದ ಕಿನ್ಸೇಲ್‌ವರೆಗೆ 2014ರಲ್ಲಿ ಗುರುತು ಮಾಡಿ ಫಲಕ ನೆಟ್ಟ ವೈಲ್ಡ್ ಅಟ್ಲಾಂಟಿಕ್ ವೇ ಎಂಬ ದಾರಿ ಸುಮಾರು 2,500 ಕಿಲೋಮೀಟರ್ ಇದೆ. ಎದುರುಗಡೆ ಕಾಣುವ ಊರಿಗೆ ಹೋಗಬೇಕಾದರೆ ಕೊಲ್ಲಿಯನ್ನು ಬಳಸಿಕೊಂಡು ಒಂದೂವರೆ ಗಂಟೆ ಸುತ್ತಬೇಕಾಗುತ್ತದೆ. ಆದ್ದರಿಂದ ನೈಋತ್ಯ ಮೂಲೆಯನ್ನು ಮಾತ್ರ ಹಿಡಿದು, ಒಂದೊಂದು ಊರಿನಲ್ಲಿ ಎರಡು ರಾತ್ರಿ ತಂಗುವ ಪ್ರವಾಸವನ್ನು ಹುಡುಕಿ.

ಎರಡನೆಯ ವಿಷಯ ಹಣದ್ದು. ಜನ ಕಡಿಮೆ, ಗದ್ದಲ ಕಡಿಮೆ ಎಂಬ ಕಾರಣಕ್ಕಷ್ಟೇ ಸಣ್ಣ ಕೋಚ್ ಹಿಡಿಯುವುದಾದರೆ ಅಷ್ಟು ಹಣ ಕೊಡಬೇಕಾಗಿಲ್ಲ. ಅದರ ನಿಜವಾದ ಬೆಲೆ ಅದು ನುಗ್ಗಬಲ್ಲ ರಸ್ತೆಗಳಲ್ಲಿದೆ. ಕೆರಿ ಸುತ್ತು ಎಂದು ಎಲ್ಲರೂ ಹೇಳುವ ಸುಮಾರು 179 ಕಿಲೋಮೀಟರ್ ದಾರಿಯಲ್ಲಿ ದೊಡ್ಡ ಬಸ್ಸುಗಳು ಎದುರುಬದುರಾಗಿ ಸಿಕ್ಕಿಕೊಳ್ಳಬಾರದೆಂದು ಎಲ್ಲ ಬಸ್ಸುಗಳೂ ಕಿಲಾರ್ನಿಯಿಂದ ಕಿಲೊರ್ಗ್ಲಿನ್ ಕಡೆಗೆ, ಅಂದರೆ ಅಪ್ರದಕ್ಷಿಣವಾಗಿ ಹೋಗುತ್ತವೆ. ಆದರೆ ಆ ಸುತ್ತಿನ ತುದಿಯಲ್ಲಿ ಪೋರ್ಟ್‌ಮಗೀ ಮತ್ತು ಬಾಲಿನ್‌ಸ್ಕೆಲಿಗ್ಸ್ ಕಡೆಗೆ ಕವಲೊಡೆಯುವ ಸ್ಕೆಲಿಗ್ ಸುತ್ತಿಗೆ ದೊಡ್ಡ ಬಸ್ಸುಗಳು ಇಳಿಯುವುದೇ ಇಲ್ಲ, ಅಷ್ಟು ಕಿರಿದು. ಹದಿನಾರು ಸೀಟಿನ ವಾಹನ ಅಲ್ಲಿಗೆ ಹೋಗುತ್ತದೆ. ಡಿಂಗಲ್ ಪರ್ಯಾಯ ದ್ವೀಪದ ಸ್ಲೇ ಹೆಡ್ ದಾರಿಯೂ ಹಾಗೆಯೇ: ಒಂದು ಬದಿ ಕಲ್ಲಿನ ಗೋಡೆ, ಇನ್ನೊಂದು ಬದಿ ಕಡಲಿಗೆ ಇಳಿಜಾರು, ಒಂದೆಡೆಯಂತೂ ಗುಡ್ಡದ ತೊರೆ ರಸ್ತೆಯ ಮೇಲೆಯೇ ಹರಿದು ಹೋಗುತ್ತದೆ. ಅದೇ ಪರ್ಯಾಯ ದ್ವೀಪದ ಕಾನರ್ ಕಣಿವೆ ದಾರಿಯಲ್ಲಿ ಮಾತ್ರ ಎರಡು ಟನ್‌ಗಿಂತ ಭಾರದ ವಾಹನಗಳಿಗೆ ನಿಷೇಧವಿರುವುದರಿಂದ ಸಣ್ಣ ಕೋಚ್ ಕೂಡ ಹೋಗುವಂತಿಲ್ಲ. ಅದನ್ನು ತೋರಿಸುತ್ತೇವೆಂದು ಯಾರಾದರೂ ಹೇಳಿದರೆ ಎಚ್ಚರ ವಹಿಸಿ.

ಆದ್ದರಿಂದ ಸಂಸ್ಥೆಯವರನ್ನು ಕೇಳುವಾಗ "ಕೆರಿ ತೋರಿಸುತ್ತೀರಾ" ಎಂದು ಕೇಳಬೇಡಿ. "ಸ್ಕೆಲಿಗ್ ಸುತ್ತಿಗೆ ಇಳಿಯುತ್ತೀರಾ, ಸ್ಲೇ ಹೆಡ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ" ಎಂದು ರಸ್ತೆಯ ಹೆಸರು ಹಿಡಿದು ಕೇಳಿ. ಉತ್ತರ ಎಷ್ಟು ಖಚಿತವಾಗಿದೆ ಎಂಬುದರಲ್ಲೇ ಅವರ ಕಸುಬು ತಿಳಿದುಬಿಡುತ್ತದೆ.

ಸೀಟಿನ ವಿಚಾರವನ್ನೂ ಹೇಳಿಬಿಡುತ್ತೇನೆ. ಕೆರಿ ಸುತ್ತನ್ನು ಅಪ್ರದಕ್ಷಿಣವಾಗಿ ಹೋಗುವಾಗ ಕಡಲು ಬಲಗಡೆ ಇರುತ್ತದೆ. ಸ್ಲೇ ಹೆಡ್ ದಾರಿಯನ್ನು ಪ್ರದಕ್ಷಿಣವಾಗಿ ಸುತ್ತುವುದು ವಾಡಿಕೆಯಾದ್ದರಿಂದ ಅಲ್ಲಿ ಕಡಲು ಎಡಗಡೆ. ಆಯಿಗೆ ಯಾವ ಬದಿಯಾದರೂ ಸರಿ, ಎದುರು ರಸ್ತೆ ಕಾಣುವ ಮುಂದಿನ ಸಾಲೇ ಬೇಕು. ಕೆಲವು ಸಂಸ್ಥೆಗಳು ನ್ಯಾಯಕ್ಕಾಗಿ ದಿನಕ್ಕೊಂದು ಸಾಲಿನಂತೆ ಜನರನ್ನು ಬದಲಾಯಿಸುತ್ತವೆ. ವಾಂತಿಯ ತೊಂದರೆ ಇದೆಯೆಂದು ಸೀಟು ಕಾಯ್ದಿರಿಸುವಾಗಲೇ ಬರೆದುಕೊಟ್ಟರೆ ಮುಂದಿನ ಸೀಟನ್ನು ಆರೂ ದಿನ ಬಿಟ್ಟುಕೊಡುತ್ತಾರೆ, ಹೊರಟ ಮೇಲೆ ಹೇಳಿದರೆ ಉಳಿದವರಿಗೂ ಕಸಿವಿಸಿಯಾಗುತ್ತದೆ.

ಬೆಲ್‌ಫಾಸ್ಟ್ ಬಳಗ, ಏಪ್ರಿಲ್ 7

ಅಕ್ಕನವರು ರಸ್ತೆಯ ವಿಷಯ ಹೇಳಿದ್ದಾರೆ, ನಾನು ವೀಸಾದ ವಿಷಯವನ್ನು ಹೇಳಲೇಬೇಕು, ಏಕೆಂದರೆ ಇದರಲ್ಲಿ ಎಡವಿದವರನ್ನು ಕಣ್ಣಾರೆ ನೋಡಿದ್ದೇನೆ. ಜಯಂಟ್ಸ್ ಕಾಸ್‌ವೇ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಅದು ಬ್ರಿಟನ್ನಿನ ಆಡಳಿತಕ್ಕೆ ಸೇರಿದ ನೆಲ. ಡಬ್ಲಿನ್‌ನಿಂದ ಹೊರಟ ಕೋಚ್ ಗಡಿ ದಾಟುವಾಗ ಯಾವ ತಪಾಸಣಾ ಕಟ್ಟೆಯೂ ಕಾಣುವುದಿಲ್ಲ. ರಸ್ತೆ ಫಲಕಗಳಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ, ಅಂಗಡಿಯಲ್ಲಿ ಯೂರೋ ಹೋಗಿ ಪೌಂಡ್ ಬರುತ್ತದೆ, ಅಷ್ಟೇ. ಕಾವಲು ಇಲ್ಲವೆಂದ ಮಾತ್ರಕ್ಕೆ ಕಾನೂನು ಇಲ್ಲವೆಂದಾಗುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿ ಕಾಲಿಡಲು ಬ್ರಿಟನ್ನಿನ ಅನುಮತಿ ಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾ ಎರಡೂ ಕಡೆ ನಡೆಯುವುದಿಲ್ಲ.

ನಿಮ್ಮ ತಂದೆ ತಾಯಿಗೆ ಭಾರತದಲ್ಲಿ ಸಿಗುವ ಐರಿಷ್ ಪ್ರವಾಸಿ ವೀಸಾದ ಮೇಲೆ ಬಿಐವಿಎಸ್ (ಬ್ರಿಟಿಷ್ ಐರಿಷ್ ವೀಸಾ ಯೋಜನೆ) ಎಂಬ ಅಕ್ಷರಗಳು ಮುದ್ರಿತವಾಗಿದ್ದರೆ, ಮೊದಲು ಐರ್ಲೆಂಡಿಗೆ ಬಂದಿಳಿದ ಮೇಲೆ ಅದೇ ವೀಸಾದಲ್ಲಿ ಉತ್ತರಕ್ಕೂ ಹೋಗಿಬರಬಹುದು. ಆದರೆ ಐರ್ಲೆಂಡಿನಲ್ಲಿ ನೆಲೆಸಿ ಕೆಲಸ ಮಾಡುವ ನಿಮಗೆ ಆ ಸೌಲಭ್ಯ ಇಲ್ಲ. ನಿಮ್ಮ ನಿವಾಸ ಪರವಾನಗಿ ಗಡಿಯ ಈಚೆಗೆ ಲೆಕ್ಕಕ್ಕೆ ಬರುವುದಿಲ್ಲ, ನೀವು ಪ್ರತ್ಯೇಕವಾಗಿ ಬ್ರಿಟನ್ನಿನ ವೀಸಾ ಪಡೆಯಬೇಕು. ಅಪ್ಪ ಅಮ್ಮ ಹೋಗಬಹುದು, ಮಗ ಹೋಗುವಂತಿಲ್ಲ ಎಂಬ ಸ್ಥಿತಿ ಅನೇಕ ಮನೆಗಳಲ್ಲಿ ಬಂದಿದೆ. ಕೋಚ್ ಸಂಸ್ಥೆ ಇದನ್ನು ಪರಿಶೀಲಿಸದೆ ಸೀಟು ಕೊಟ್ಟುಬಿಡುತ್ತದೆ, ಹೊಣೆ ಪ್ರಯಾಣಿಕರದೇ.

ಮಲ್ಪೆಯ ಮೇಷ್ಟ್ರು, ಏಪ್ರಿಲ್ 8

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಮಗಳ ಮನೆ ಬೆಲ್‌ಫಾಸ್ಟ್‌ನಲ್ಲಿ ಇರುವುದರಿಂದ ಜಯಂಟ್ಸ್ ಕಾಸ್‌ವೇಯನ್ನು ಎರಡು ಬಾರಿ ನೋಡಿದ್ದೇನೆ. ಸುಮಾರು 40,000 ಕಲ್ಲುಕಂಬಗಳು, ಹೆಚ್ಚಿನವು ಆರು ಮುಖದವು, ಜೇನುಗೂಡಿನಂತೆ ಒತ್ತಾಗಿ ಕಡಲಿಗೆ ಇಳಿದು ಹೋಗಿವೆ. ಸುಮಾರು ಆರು ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿಯುತ್ತಾ ಕುಗ್ಗುವಾಗ, ಕೆರೆಯ ಕೆಸರು ಬೇಸಿಗೆಯಲ್ಲಿ ಬಿರಿಯುವಂತೆ, ಮೇಲಿನಿಂದ ಕೆಳಕ್ಕೆ ಬಿರುಕು ಇಳಿದು ಈ ಕಂಬಗಳಾದವು. ಅಲ್ಲಿನವರು ಇದನ್ನು ಫಿನ್ ಮಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿಗೆ ನಡೆದುಹೋಗಲು ಹಾಕಿದ ದಾರಿಯೆನ್ನುತ್ತಾರೆ. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನನಗಂತೂ ಅಲ್ಲಿ ನಿಂತಾಗ ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪವೇ ಕಣ್ಣಿಗೆ ಕಟ್ಟಿತು. ನಮ್ಮಲ್ಲಿನದು ಸುಮಾರು 8.8 ಕೋಟಿ ವರ್ಷಗಳಷ್ಟು ಹಳೆಯದು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ಕಲ್ಲಿನ ಜಾತಿಯೂ ಬೇರೆ, ಆದರೆ ಕಂಬ ಮೂಡಿದ ರೀತಿ ಒಂದೇ.

ಆದರೂ ಡಬ್ಲಿನ್‌ವಾಸಿಯವರೇ, ಬೆಲ್‌ಫಾಸ್ಟಿನವರು ಹೇಳಿದ ತೊಡಕನ್ನು ಕೇಳಿದ ಮೇಲೆ ಈ ಸಲ ಉತ್ತರ ಐರ್ಲೆಂಡನ್ನು ಕೈಬಿಡಿ ಎಂದೇ ನನ್ನ ಸಲಹೆ. ಶಿರಸಿಯವರಿಗೆ ಕ್ಲೇರ್ ಜಿಲ್ಲೆಯ ಬರ್ರೆನ್ ಇನ್ನೂ ಹತ್ತಿರದ್ದಾಗಿ ಕಂಡೀತು. ನಿಮ್ಮ ತಂದೆಯವರು ಯಾಣದ ಬಂಡೆಗಳನ್ನು ಖಂಡಿತ ನೋಡಿರುತ್ತಾರೆ. ಅದು ಸುಣ್ಣಕಲ್ಲು, ಮಳೆನೀರು ಕರಗಿಸಿ ಕರಗಿಸಿ ಚೂಪಾಗಿ ನಿಲ್ಲಿಸಿದ ಶಿಖರ. ಬರ್ರೆನ್ ಕೂಡ ಸುಣ್ಣಕಲ್ಲೇ, ಸುಮಾರು 33 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ ಆಳವಿಲ್ಲದ ಕಡಲಿನ ತಳದಲ್ಲಿ ಹವಳ, ಚಿಪ್ಪು ಕೂಡಿ ಆದದ್ದು. ಅಲ್ಲಿ ಮಳೆ ಕಲ್ಲನ್ನು ಶಿಖರವಾಗಿಸದೆ ಹಾಸುಗಲ್ಲಾಗಿ ಸವೆಸಿ, ನಡುನಡುವೆ ಮೊಳಕಾಲುದ್ದದ ಸೀಳುಗಳನ್ನು ಬಿಟ್ಟಿದೆ. ಆ ಸೀಳುಗಳೊಳಗೆ ಗಾಳಿ ತಾಗದೆ ಜರಿಗಿಡ, ಹೂಗಿಡ ಬೆಳೆಯುತ್ತವೆ. ಮಂಡಿನೋವಿನವರು ಸೀಳಿನ ಮೇಲೆ ನಡೆಯುವುದು ಬೇಡ, ರಸ್ತೆಯ ಪಕ್ಕದ ಹಾಸಿನ ಮೇಲೆ ಕುಳಿತರೂ ಕಲ್ಲಿನಲ್ಲಿ ಹುದುಗಿದ ಹವಳ ಬೆರಳಿಗೆ ಸಿಗುತ್ತದೆ. ಅಲ್ಲಿಂದ ಅನತಿ ದೂರದ ಮೊಹರ್ ಬಂಡೆಗಳು ಸುಣ್ಣದವಲ್ಲ. ಸುಮಾರು 32 ಕೋಟಿ ವರ್ಷಗಳ ಹಿಂದೆ ದೊಡ್ಡ ನದಿಯೊಂದು ತಂದು ಸುರಿದ ಮರಳು, ಹೂಳು ಪದರ ಪದರವಾಗಿ ಗಟ್ಟಿಯಾದದ್ದು. ಆ ಪದರಗಳ ಅಂಚೇ ಹಕ್ಕಿಗಳಿಗೆ ಗೂಡಿನ ಜಗಲಿ.

ಲಿಮರಿಕ್ ಚಾಲಕ, ಏಪ್ರಿಲ್ 8

ಕೋಚ್ ಪ್ರವಾಸಕ್ಕೆ ಕೊಡುವ ಹಣದಲ್ಲಿ ಕಾರನ್ನೇ ಬಾಡಿಗೆಗೆ ಪಡೆಯಬಹುದಲ್ಲವೇ? ಬೇಕಾದಲ್ಲಿ ನಿಲ್ಲಬಹುದು, ಕಾನರ್ ಕಣಿವೆಗೂ ಹೋಗಬಹುದು, ತಾಯಿಯವರಿಗೆ ತಲೆ ಸುತ್ತಿದರೆ ಕೂಡಲೇ ಇಳಿಸಬಹುದು. ಇಲ್ಲಿಯೂ ಎಡಬದಿಯ ಸಂಚಾರವೇ ಆದ್ದರಿಂದ ನಮ್ಮವರಿಗೆ ಕಷ್ಟವಾಗುವುದಿಲ್ಲ. ನಾನು ಐದು ಬಾರಿ ಹೀಗೆಯೇ ಹೋಗಿದ್ದೇನೆ.

ಲೀ ತೀರದ ಅಕ್ಕ, ಏಪ್ರಿಲ್ 8

ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ, ಅನುಭವಿ ಚಾಲಕರಿಗೆ ಕಾರು ಒಳ್ಳೆಯದೇ. ಆದರೆ ಸ್ಲೇ ಹೆಡ್‌ನಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬಂದಾಗ ಅರ್ಧ ಫರ್ಲಾಂಗು ಹಿಂದಕ್ಕೆ ಸರಿಸಿ, ಗೋಡೆಗೆ ಕನ್ನಡಿ ತಾಗದಂತೆ ನಿಲ್ಲಿಸಬೇಕಾದವರು ಆ ದಿನ ಕಡಲನ್ನು ನೋಡುವುದಿಲ್ಲ. ನನ್ನ ತಮ್ಮ ನಮ್ಮೆಲ್ಲರನ್ನೂ ಕಾರಿನಲ್ಲಿ ಸುತ್ತಿಸಿದ ವರ್ಷದ ಫೋಟೋಗಳಲ್ಲಿ ಅವನು ಎಲ್ಲಿಯೂ ಇಲ್ಲ, ಅವನ ನೆನಪಿನಲ್ಲೂ ಆ ಕರಾವಳಿ ಇಲ್ಲ. ಮಗ ಪಕ್ಕದಲ್ಲಿ ಕೂತು ಮಾತಾಡಲಿ ಎಂಬುದೇ ಆ ವಯಸ್ಸಿನವರಿಗೆ ದೊಡ್ಡ ಆಸೆ.

ಕೊರಿಬ್ ವಿದ್ಯಾರ್ಥಿನಿ, ಏಪ್ರಿಲ್ 9

ನಾನು ಗಾಲ್ವೇಯಲ್ಲಿ ಓದುತ್ತಿದ್ದೇನೆ. ಡಬ್ಲಿನ್‌ನಿಂದ ಒಂದೇ ದಿನದಲ್ಲಿ ಮೊಹರ್ ಬಂಡೆಗಳಿಗೆ ಹೋಗಿಬರುವ ಸಂಸ್ಥೆಯೊಂದರ ಪ್ರವಾಸಕ್ಕೆ ಕಳೆದ ವರ್ಷ ಅತ್ತೆ ಮಾವನವರನ್ನು ಕಳುಹಿಸಿ ನೊಂದಿದ್ದೇನೆ. ಹೋಗಲು ಮೂರು ಗಂಟೆಗೂ ಹೆಚ್ಚು, ಬರಲು ಅಷ್ಟೇ, ನಡುವೆ ಬಂಡೆಗಳ ಬಳಿ ಒಂದೂವರೆ ಗಂಟೆ. ಅವರು ತಲುಪಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ 214 ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿ ನಿಂತು ಕಟಕಟೆಯ ಆಚೆ ಏನನ್ನೂ ನೋಡಲಾಗದೆ, 1835ರಲ್ಲಿ ಕಟ್ಟಿದ ಓಬ್ರಯನ್ ಗೋಪುರದ ಬುಡವನ್ನು ಮಾತ್ರ ನೋಡಿ ಮರಳಿದರು. ಕೋಚ್ ಹೊರಟ ಅರ್ಧ ಗಂಟೆಗೆ ಮಂಜು ಹರಿಯಿತಂತೆ. ಅವರಿಗೆ ಮತ್ತೆ ಇಲ್ಲಿಗೆ ಬರುವ ಅವಕಾಶ ಇನ್ನೂ ಸಿಕ್ಕಿಲ್ಲ. ಇಲ್ಲಿನ ಹವೆ ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತದೆ. ಹತ್ತಿರದಲ್ಲೇ, ಡೂಲಿನ್ ಅಥವಾ ಲಿಸ್ಡೂನ್‌ವಾರ್ನಾದಲ್ಲಿ, ಒಂದು ರಾತ್ರಿ ತಂಗುವ ಪ್ರವಾಸವಾದರೆ ಸಂಜೆ ಕಾಣದ್ದು ಬೆಳಿಗ್ಗೆ ಕಾಣುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಊಟ ಮುಗಿಸಿಯೂ ಹೋಗಬಹುದು. ಪಫಿನ್ ಹಕ್ಕಿಗಳು ಜುಲೈ ಮುಗಿಯುವಷ್ಟರಲ್ಲಿ ಕಡಲಿಗೆ ಹೊರಟುಬಿಡುತ್ತವೆ, ಆ ಲೆಕ್ಕದಲ್ಲೂ ಜೂನ್ ಒಳ್ಳೆಯದು.

ಇನ್ನೊಂದು ವಿಷಯ. ಚಾಲಕರು ದಾರಿಯ ನಡುವೆ ಮುಕ್ಕಾಲು ಗಂಟೆ ನಿಲ್ಲಿಸಿದರೆ ಬೇಸರಿಸಬೇಡಿ. ನಾಲ್ಕೂವರೆ ಗಂಟೆ ಚಾಲನೆಯಾದ ಮೇಲೆ 45 ನಿಮಿಷ ವಿಶ್ರಾಂತಿ, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಯ ಚಾಲನೆ ಎಂಬುದು ಯುರೋಪಿನ ಒಕ್ಕೂಟದ ನಿಯಮ. ಕಾರ್ಯಕ್ರಮ ಪಟ್ಟಿಯಲ್ಲಿ ಈ ವಿಶ್ರಾಂತಿಯನ್ನು ನೋಡುವ ಜಾಗದಲ್ಲೇ ಇಟ್ಟಿದ್ದಾರೆಯೇ ಅಥವಾ ಪೆಟ್ರೋಲ್ ಬಂಕಿನಲ್ಲಿ ಇಟ್ಟಿದ್ದಾರೆಯೇ ಎಂದು ಗಮನಿಸಿ. ನನ್ನ ಅತ್ತೆ ಮಾವನವರ ಇಡೀ ವಿಶ್ರಾಂತಿ ಹೆದ್ದಾರಿಯ ಬಂಕಿನಲ್ಲೇ ಕಳೆಯಿತು.

ಕನ್ನಡಿಗರಾಗಿ ಗಮನಿಸಬೇಕಾದ ಒಂದು ಸಂಗತಿಯೂ ಇದೆ. ಗಾಲ್ವೇಯ ಪಶ್ಚಿಮಕ್ಕಿರುವ ಕಾನೆಮರಾದ ಕೆಲವು ಭಾಗಗಳು, ಡಿಂಗಲ್‌ನ ಪಶ್ಚಿಮ ತುದಿ ಇವೆಲ್ಲ ಗೇಲ್ಟಾಖ್ಟ್, ಅಂದರೆ ಐರಿಷ್ ಭಾಷೆ ಮನೆಮಾತಾಗಿ ಉಳಿದಿರುವ ಪ್ರದೇಶಗಳು. ಅಲ್ಲಿನ ಊರಿನ ಫಲಕಗಳಲ್ಲಿ ಹೆಚ್ಚಾಗಿ ಇಂಗ್ಲಿಷ್ ಇರುವುದಿಲ್ಲ, ಡಿಂಗಲ್ ಎಂದು ಹುಡುಕುತ್ತಾ ಹೋದರೆ ಕೆಲವೆಡೆ ಅನ್ ದ್ಯಾಂಗನ್ ಎಂಬ ಹೆಸರು ಎದುರಾಗುತ್ತದೆ. ದೇಶದ ಸಂವಿಧಾನದಲ್ಲಿ ಮೊದಲ ಅಧಿಕೃತ ಭಾಷೆಯಾಗಿದ್ದರೂ ದಿನವೂ ಆಡುವವರು ಕಡಿಮೆಯಾಗಿರುವ ಈ ಭಾಷೆಯನ್ನು ಅಲ್ಲಿನ ಅಂಗಡಿಯಲ್ಲಿ ಕಿವಿಯಾರೆ ಕೇಳುವುದು ದೊಡ್ಡ ಅನುಭವ. ಚಾಲಕರೇ ಆ ಭಾಗದವರಾಗಿದ್ದರೆ ಪ್ರವಾಸದ ತೂಕವೇ ಬೇರೆ, ಅದನ್ನೂ ಕೇಳಿ ನೋಡಿ.

ಒಂಟಿಕೊಪ್ಪಲಿನವಳು, ಏಪ್ರಿಲ್ 11

ನಾನು ಮೈಸೂರಿನಿಂದ ಹೋಗಿ ಮಗನ ಜೊತೆ ಇದೇ ಬಗೆಯ ಪ್ರವಾಸ ಮಾಡಿ ಬಂದಿದ್ದೇನೆ, ಆದ್ದರಿಂದ ಊಟ ಮತ್ತು ಮಳೆಯ ಬಗ್ಗೆ ಮಾತ್ರ ಹೇಳುತ್ತೇನೆ. ಸಸ್ಯಾಹಾರಿಗಳಿಗೆ ಬೆಳಗಿನ ಉಪಾಹಾರದಲ್ಲಿ ಓಟ್ಸ್ ಗಂಜಿ, ಮಧ್ಯಾಹ್ನ ತರಕಾರಿ ಸೂಪು ಮತ್ತು ಸೋಡಾ ಹಾಕಿ ಮಾಡಿದ ಕಂದು ಬ್ರೆಡ್ಡು ಎಲ್ಲ ಕಡೆ ಸಿಗುತ್ತದೆ. ಆದರೆ ತರಕಾರಿ ಸೂಪನ್ನು ಕೋಳಿಯ ರಸದಲ್ಲಿ ಕುದಿಸಿರಬಹುದು, ಪ್ರತಿ ಸಲವೂ ಕೇಳಬೇಕು. ಸಣ್ಣ ಊರುಗಳಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಅಡುಗೆಮನೆ ಮುಚ್ಚುತ್ತಾರೆ. ಹೊರಗೆ ಹಾಡುಹಗಲಿನಂತಿರುವುದರಿಂದ ನಮಗೆ ಹೊತ್ತು ತಿಳಿಯದೆ ಒಂದು ರಾತ್ರಿ ಉಪವಾಸ ಮಲಗಬೇಕಾಯಿತು. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡ, ಖೋವಾದ ಸಿಹಿಗಳನ್ನು ಮಾತ್ರ ಕಟ್ಟಿಕೊಡಬೇಡಿ ಎಂದು ಊರಿಗೆ ಈಗಲೇ ಹೇಳಿಬಿಡಿ, ಭಾರತದಿಂದ ಹಾಲಿನ ಪದಾರ್ಥಗಳನ್ನು ಅಲ್ಲಿಗೆ ತರುವಂತಿಲ್ಲ.

ಮಳೆಯೆಂದರೆ ಮಲೆನಾಡಿನವರು ನಗಬಹುದು. ಅಲ್ಲಿನದು ಜಡಿಮಳೆಯಲ್ಲ, ಸೋನೆ. ಆದರೆ ಅದು ಮೇಲಿನಿಂದ ಬೀಳುವುದಿಲ್ಲ, ಕಡಲಿನ ಕಡೆಯಿಂದ ಅಡ್ಡಡ್ಡ ಬರುತ್ತದೆ. ಕೊಡೆ ಎರಡು ನಿಮಿಷವೂ ನಿಲ್ಲುವುದಿಲ್ಲ. ಟೋಪಿಯಿರುವ, ನೀರು ಇಳಿಯದ ಉದ್ದನೆಯ ಜಾಕೆಟ್ ಮತ್ತು ಸೀರೆಯುಡುವವರಾದರೆ ಒಳಗೆ ಬೆಚ್ಚನೆಯ ಲೆಗ್ಗಿಂಗ್ಸ್ ಬೇಕೇ ಬೇಕು. ಸಣ್ಣ ಕೋಚ್‌ನಲ್ಲಿ ಸಾಮಾನಿಗೆ ಜಾಗ ಕಡಿಮೆ, ದೊಡ್ಡ ಸೂಟ್‌ಕೇಸನ್ನು ಡಬ್ಲಿನ್ ಮನೆಯಲ್ಲೇ ಬಿಟ್ಟು ಹೊರಡಿ.

ಡಬ್ಲಿನ್‌ವಾಸಿ, ಏಪ್ರಿಲ್ 14

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ನನಗೆ ಬ್ರಿಟನ್ನಿನ ವೀಸಾ ಇಲ್ಲದ ಕಾರಣ ಉತ್ತರ ಐರ್ಲೆಂಡನ್ನು ಕೈಬಿಟ್ಟಿದ್ದೇನೆ. ಗಾಲ್ವೇಯಿಂದ ಹೊರಟು ಬರ್ರೆನ್, ಮೊಹರ್, ಶಾನನ್ ನದಿಯ ಅಳಿವೆಯಲ್ಲಿ ಫೆರಿ, ಡಿಂಗಲ್‌ನಲ್ಲಿ ಎರಡು ರಾತ್ರಿ, ಸ್ಕೆಲಿಗ್ ಸುತ್ತು, ಕೆನ್‌ಮೇರ್, ಬಾಂಟ್ರಿ, ಕೊನೆಗೆ ಕಾರ್ಕ್ ಎಂಬ ಆರು ದಿನಗಳ ಪ್ರವಾಸವೊಂದು ಸಿಕ್ಕಿದೆ. ರಸ್ತೆಯ ಹೆಸರು ಹಿಡಿದು ಕೇಳಿದಾಗ ಮೂರು ಸಂಸ್ಥೆಗಳಲ್ಲಿ ಒಬ್ಬರು ಮಾತ್ರ ನೇರವಾದ ಉತ್ತರ ಕೊಟ್ಟರು. ಸ್ಕೆಲಿಗ್ ಮೈಕಲ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಇಳಿಯುವುದು ಅಪ್ಪನಿಗೆ ಸಾಧ್ಯವೇ? ಬಾಂಟ್ರಿಯ ಬಳಿ ನೋಡಬೇಕಾದದ್ದು ಏನಾದರೂ ಇದೆಯೇ?

ಲೀ ತೀರದ ಅಕ್ಕ, ಏಪ್ರಿಲ್ 14

ಸ್ಕೆಲಿಗ್ ಮೈಕಲ್ ಬೇಡ. ಅಲ್ಲಿ ಕಡಲಿನ ಅಂಚಿನಿಂದ ಸನ್ಯಾಸಿಗಳ ಕಲ್ಲುಗುಡಿಸಲುಗಳವರೆಗೆ 618 ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಕಂಬಿಯಿಲ್ಲ, ಮಳೆಗೆ ನಿಲ್ಲಲು ಸೂರಿಲ್ಲ, ಶೌಚಾಲಯವೂ ಇಲ್ಲ. ದಿನಕ್ಕೆ 180 ಜನರಿಗೆ ಮಾತ್ರ ಇಳಿಯಲು ಅವಕಾಶವಿರುವುದರಿಂದ ಟಿಕೆಟ್ ಸಿಗುವುದೂ ಕಷ್ಟ. ಪೋರ್ಟ್‌ಮಗೀ ಮೇಲಿನ ಗುಡ್ಡದಿಂದ ದೊಡ್ಡದು, ಚಿಕ್ಕದು ಎಂಬ ಎರಡೂ ಸ್ಕೆಲಿಗ್ ದ್ವೀಪಗಳು ಚೆನ್ನಾಗಿ ಕಾಣುತ್ತವೆ.

ಬಾಂಟ್ರಿಯ ಬಗ್ಗೆ ಕೇಳಿದ್ದೀರಿ. ಅಲ್ಲಿಂದ ಸುಮಾರು ಅರ್ಧ ಗಂಟೆಯ ದಾರಿಯಲ್ಲಿ, ಶೀಪ್ಸ್ ಹೆಡ್ ಪರ್ಯಾಯ ದ್ವೀಪದ ಅಹಕಿಸ್ತಾ ಎಂಬ ಪುಟ್ಟ ಹಳ್ಳಿಯಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ ಮಡಿದವರ ಸ್ಮಾರಕವಿದೆ. 1985ರ ಜೂನ್ 23ರ ಬೆಳಿಗ್ಗೆ ಕೆನಡಾದಿಂದ ಲಂಡನ್ ಮಾರ್ಗವಾಗಿ ದೆಹಲಿಗೆ ಹೊರಟಿದ್ದ ಆ ವಿಮಾನ ಕಾರ್ಕ್ ಕರಾವಳಿಯಿಂದ ಸುಮಾರು 190 ಕಿಲೋಮೀಟರ್ ಆಚೆ ಬಾಂಬ್ ಸಿಡಿದು ಅಟ್ಲಾಂಟಿಕ್‌ಗೆ ಬಿದ್ದಿತು. 329 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಐರಿಷ್ ನೌಕಾಪಡೆಯ ಆಶ್ಲಿಂಗ್ ಎಂಬ ಹಡಗು ಶೋಧವನ್ನು ಮುನ್ನಡೆಸಿತು, ಸಿಕ್ಕ ದೇಹಗಳನ್ನು ತಂದದ್ದು ಕಾರ್ಕ್‌ನ ಆಸ್ಪತ್ರೆಗೆ. ಆಗ ಕೆಲಸದಲ್ಲಿದ್ದ ಹಿರಿಯ ನರ್ಸ್ ಒಬ್ಬರು ನಾನು ಸೇರಿದ ಹೊಸತರಲ್ಲಿ, ನಾನು ಭಾರತದವಳೆಂದು ತಿಳಿದು, ಆ ವಾರದ ವಿಷಯವನ್ನು ನನ್ನ ಕೈಹಿಡಿದುಕೊಂಡು ಹೇಳಿದ್ದರು. ದೊಡ್ಡ ಬಸ್ಸುಗಳ ಪಟ್ಟಿಯಲ್ಲಿ ಆ ಹಳ್ಳಿ ಇರುವುದಿಲ್ಲ. ಸಣ್ಣ ಕೋಚ್‌ನಲ್ಲಿ ಉಳಿದ ಪ್ರಯಾಣಿಕರು ಒಪ್ಪಿದರೆ ಚಾಲಕರು ಹೋಗುತ್ತಾರೆ. ಮೊದಲ ದಿನವೇ ಕೇಳಿ.

ಡಬ್ಲಿನ್‌ವಾಸಿ, ಜೂನ್ 26

ಪ್ರವಾಸ ಮುಗಿಸಿ ನಾಲ್ಕು ದಿನಗಳಾದವು. ಮಾತು ಕೊಟ್ಟಂತೆ ವರದಿ ಬರೆಯುತ್ತಿದ್ದೇನೆ.

ನಾವು ಹದಿಮೂರು ಜನ ಇದ್ದೆವು. ಆಯಿಗೆ ಆರೂ ದಿನ ಚಾಲಕರ ಹಿಂದಿನ ಸೀಟು ಸಿಕ್ಕಿತು, ಒಂದು ಬಾರಿಯೂ ವಾಂತಿಯಾಗಲಿಲ್ಲ. ಮೊಹರ್‌ನಲ್ಲಿ ಸಂಜೆ ಮಂಜಿತ್ತು. ಡೂಲಿನ್‌ನಲ್ಲಿ ತಂಗಿ ಬೆಳಿಗ್ಗೆ ಮತ್ತೆ ಹೋದಾಗ ಬಂಡೆಗಳ ಸಾಲು ಒಂದರ ಹಿಂದೆ ಒಂದರಂತೆ ದಕ್ಷಿಣದವರೆಗೂ ತೆರೆದುಕೊಂಡಿತ್ತು. ವಿದ್ಯಾರ್ಥಿನಿಯವರಿಗೆ ನಾವು ಮೂವರೂ ಋಣಿ. ಬರ್ರೆನ್‌ನಲ್ಲಿ ಅಪ್ಪ ಹಾಸುಗಲ್ಲಿನ ಮೇಲೆ ಕುಳಿತು ಅಂಗೈಯಿಂದ ಕಲ್ಲನ್ನು ಸವರಿ, "ಇದು ಯಾಣವನ್ನು ಮಲಗಿಸಿದ ಹಾಗಿದೆ" ಎಂದರು. ಮೇಷ್ಟ್ರ ಮಾತನ್ನು ನಾನು ಅವರಿಗೆ ಮೊದಲೇ ಹೇಳಿರಲಿಲ್ಲ.

ಡಿಂಗಲ್‌ನ ಎರಡು ದಿನಗಳು ನಮಗೆ ಎಲ್ಲಕ್ಕಿಂತ ಹೆಚ್ಚು ದಕ್ಕಿದವು. ಸ್ಲೇ ಹೆಡ್‌ನಲ್ಲಿ ಚಾಲಕರು ನಿಲ್ಲಿಸಿದ ಕಡೆಯಿಂದ ಬ್ಲಾಸ್ಕೆಟ್ ದ್ವೀಪಗಳು ಕಾಣುತ್ತಿದ್ದವು. ದೊಡ್ಡ ದ್ವೀಪದಲ್ಲಿ ಕೊನೆಯದಾಗಿ ಉಳಿದಿದ್ದ 22 ಜನರನ್ನು 1953ರಲ್ಲಿ ಸರಕಾರ ಈಚೆ ದಡಕ್ಕೆ ಕರೆತಂದಿತೆಂದೂ, ಚಳಿಗಾಲದ ಕಡಲು ದಾಟಿ ವೈದ್ಯರಾಗಲೀ ಪಾದ್ರಿಯಾಗಲೀ ಬರಲಾಗದೆ ಜನ ಸೋತಿದ್ದರೆಂದೂ ಚಾಲಕರು ಹೇಳಿದರು. ಅವರು ಡಂಕ್ವಿನ್ ಕಡೆಯವರೇ, ಫೋನಿನಲ್ಲಿ ಮನೆಯವರ ಜೊತೆ ಐರಿಷ್‌ನಲ್ಲೇ ಮಾತಾಡುತ್ತಿದ್ದರು. ರಸ್ತೆಯ ಬೇಲಿಯಲ್ಲಿ ಆಗಷ್ಟೇ ಬಿಡತೊಡಗಿದ್ದ, ಕೆಂಪಗೆ ಜೋತುಬಿದ್ದ ಫ್ಯೂಷಿಯಾ ಹೂವನ್ನು ಕಿತ್ತು ಆಯಿಯ ಕೈಗಿಟ್ಟು, ಅದಕ್ಕೆ ತಮ್ಮ ಭಾಷೆಯಲ್ಲಿ "ದೇವರ ಕಣ್ಣೀರು" ಎಂಬ ಹೆಸರಿದೆಯೆಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಆಯಿ ಆ ಹೂವನ್ನು ಮುಡಿಯದೆ ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡಳು.

ಅದೇ ದಿನ ಗ್ಯಾಲರಸ್ ಎಂಬ ಹಳೆಯ ಕಲ್ಲಿನ ಪ್ರಾರ್ಥನಾ ಮಂದಿರಕ್ಕೆ ಹೋದೆವು. ಬೋರಲು ಹಾಕಿದ ದೋಣಿಯಂತಿದೆ, ಗಾರೆ ಬಳಸಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಸೋನೆ ಅಡ್ಡಡ್ಡ ಹೊಡೆಯುತ್ತಿತ್ತು, ಎಲ್ಲರೂ ಒಳಗೆ ನುಗ್ಗಿದೆವು. ಅಪ್ಪ ಹೊರಗೇ ನಿಂತರು. ಪ್ರತಿ ಕಲ್ಲನ್ನೂ ಹೊರಮುಖಕ್ಕೆ ಕೊಂಚ ಓರೆಯಾಗಿ ಇಟ್ಟಿರುವುದನ್ನು ಬೆರಳಿನಿಂದ ತೋರಿಸಿ, ನೀರು ಕಲ್ಲಿನಿಂದ ಕಲ್ಲಿಗೆ ಜಾರಿ ಹೊರಗೇ ಇಳಿಯುವುದನ್ನು ನನಗೆ ವಿವರಿಸಿದರು. ಆಮೇಲೆ ಒಳಗೆ ಬಂದು ಗೋಡೆಯನ್ನು ಮುಟ್ಟಿ ನೋಡಿದರೆ ಒಣಗಿತ್ತು. ನಮ್ಮ ಮನೆಯ ಕೊಟ್ಟಿಗೆಯ ಮಾಡಿಗೆ ಹೆಂಚು ಹೊದಿಸುವಾಗ ಅವರು ಆಳುಗಳಿಗೆ ಹೇಳುತ್ತಿದ್ದ ಇಳಿಜಾರಿನ ಲೆಕ್ಕ ಇದೇ ಆಗಿತ್ತು. ಅಲ್ಲಿ ನಮಗೆ ಐವತ್ತು ನಿಮಿಷ ಸಿಕ್ಕಿತು. ಚಾಲಕರ ವಿಶ್ರಾಂತಿಯ ಹೊತ್ತನ್ನು ಅಲ್ಲಿಯೇ ಇಟ್ಟಿದ್ದರು.

ಸ್ಕೆಲಿಗ್ ಸುತ್ತಿನಲ್ಲಿ ಕಡಲಿಗೆ ಮಂಜು ಮುಚ್ಚಿಕೊಂಡು ಚಿಕ್ಕ ಸ್ಕೆಲಿಗ್ ಮಾತ್ರ ಕಾಣಿಸಿತು. ಕೆನ್‌ಮೇರ್‌ನಲ್ಲಿ ಹೆಚ್ಚು ಹೇಳುವಂಥದ್ದೇನೂ ಇಲ್ಲ.

ಅಹಕಿಸ್ತಾದ ವಿಷಯವನ್ನು ಮೊದಲ ದಿನವೇ ಕೇಳಿದ್ದೆ. ಚಾಲಕರು ರಾತ್ರಿಯ ಊಟದ ಹೊತ್ತಿಗೆ ಎಲ್ಲರ ಮುಂದೆ ಇಟ್ಟಾಗ ಒಬ್ಬರೂ ಬೇಡವೆನ್ನಲಿಲ್ಲ. ಬಾಂಟ್ರಿಯಿಂದ ಹೋಗುವ ದಾರಿಯಲ್ಲಿ ಎರಡೂ ಬದಿಯ ಬೇಲಿಯ ಕೊಂಬೆಗಳು ಕೋಚ್‌ನ ಕಿಟಕಿಗೆ ತಾಗುತ್ತಿದ್ದವು. ಸ್ಮಾರಕ ಕಡಲಿನ ಅಂಚಿನಲ್ಲೇ ಇದೆ: ನಡುವೆ ಒಂದು ಸೂರ್ಯ ಗಡಿಯಾರ, ಹಿಂದೆ ಹೆಸರುಗಳ ಗೋಡೆ. ಒಂದೇ ಮನೆತನದ ಹೆಸರು ಮೂರು, ನಾಲ್ಕು ಬಾರಿ ಸಾಲಾಗಿ ಬರುವುದನ್ನು ಓದುತ್ತಾ ಹೋದ ಹಾಗೆ ಮಕ್ಕಳನ್ನು ಕಟ್ಟಿಕೊಂಡು ಬೇಸಿಗೆ ರಜೆಗೆ ಊರಿಗೆ ಹೊರಟಿದ್ದ ಸಂಸಾರಗಳೆಂದು ತಾನಾಗಿಯೇ ಅರ್ಥವಾಗುತ್ತದೆ. ಆ ದಿನ ಆಕಾಶವಾಣಿಯ ವಾರ್ತೆಯಲ್ಲಿ ಸುದ್ದಿ ಕೇಳಿದ್ದನ್ನು ಅಪ್ಪ ನೆನೆದರು. ಆಯಿ ಕರವಸ್ತ್ರ ಬಿಚ್ಚಿ, ಬಾಡಿದ್ದ ಆ ಕೆಂಪು ಹೂವನ್ನು ಗೋಡೆಯ ಬುಡದಲ್ಲಿ ಇಟ್ಟಳು. ಜೊತೆಗಿದ್ದ ಜರ್ಮನಿಯ ದಂಪತಿ, ಕೆನಡಾದ ಇಬ್ಬರು ಹೆಂಗಸರು ಎಲ್ಲರೂ ಟೋಪಿ ತೆಗೆದು ನಿಂತಿದ್ದರು.

ಒಂಟಿಕೊಪ್ಪಲಿನವಳು, ಜೂನ್ 26

ಓದಿ ಮನಸ್ಸು ತುಂಬಿ ಬಂತು. ಸೆಪ್ಟೆಂಬರಿನಲ್ಲಿ ನನ್ನ ಅಕ್ಕ, ಭಾವ ಹೋಗುವವರಿದ್ದಾರೆ, ಅಕ್ಕನಿಗೂ ಮಂಡಿಯ ತೊಂದರೆಯೇ. ಕೋಚ್ ಹತ್ತುವ ಮೆಟ್ಟಿಲು ತುಂಬಾ ಎತ್ತರವೇ? ನಿಮ್ಮ ತಂದೆಯವರು ಹೇಗೆ ನಿಭಾಯಿಸಿದರು?

ಡಬ್ಲಿನ್‌ವಾಸಿ, ಜೂನ್ 27

ಮೊದಲ ಮೆಟ್ಟಿಲು ಎತ್ತರವೇ, ಅಪ್ಪನಿಗೆ ಮೊದಲ ದಿನ ಕಷ್ಟವಾಯಿತು. ಅದನ್ನು ಕಂಡ ಚಾಲಕರು ಮರುದಿನದಿಂದ ಪ್ರತಿ ನಿಲುಗಡೆಯಲ್ಲೂ ತಾವು ಮೊದಲು ಇಳಿದು, ಬಾಗಿಲಿನ ಕೆಳಗೆ ಒಂದು ಮರದ ಮಣೆ ಇಟ್ಟು, ಕೈ ಕೊಡುತ್ತಿದ್ದರು. ಎಲ್ಲ ಕೋಚ್‌ಗಳಲ್ಲಿಯೂ ಅದು ಇರುವುದಿಲ್ಲವಂತೆ. ಕಾಯ್ದಿರಿಸುವಾಗ ಮಣೆ ಬೇಕೆಂದು ಬರೆಯಿರಿ. ಸಂಸ್ಥೆಯ ವಿವರವನ್ನು ನಿಮಗೆ ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ.